ಕೆಂಪು ವಹಿ ಕಚ್ಚಿದ ಶನಿವಾರ

ಮಂದಾಕಿನಿ ಹಂಚಿನಮನಿ ನಮ್ಮ ಕಾನೂನು ಕಾಲೇಜಿಗೆ ಪಾಠ ಹೇಳಲು ಬಂದ ಮೊದಲ ದಿನ ಆಕೆಗೆ ಕೂರಲು ಕುರ್ಚಿ ಹುಡುಕಿದವನು ನಾನು. ಹೇಳಿಕೊಳ್ಳುವಂಥ ಉಪಕಾರವೇನಲ್ಲ, ಆದರೂ ಹೇಳಿಕೊಳ್ಳುತ್ತೇನೆ. ನಮ್ಮ ಅಧ್ಯಾಪಕರ ಕೋಣೆಯಲ್ಲಿ ಕುರ್ಚಿ ಹುಡುಕುವುದು ಸುಲಭದ ಕೆಲಸವಲ್ಲ. ಇರುವ ಆರರಲ್ಲಿ ಎರಡು, ಹಳೆಯ ಗ್ರಂಥಪಾಲಕರಿಗೂ ಹಳೆಯ ಗುಮಾಸ್ತರಿಗೂ ಜಗಳವಾದ ವರ್ಷದಿಂದ ಗೋಡೆಗೆ ಮುಖ ಮಾಡಿ ನೆಲಕ್ಕೆ ಕಚ್ಚಿಕೊಂಡಿವೆ. ಅವರಿಬ್ಬರೂ ನಿವೃತ್ತರಾಗಿ ಹೋದರು, ಕುರ್ಚಿಗಳು ಮಾತ್ರ ಬಿಟ್ಟಿಲ್ಲ. ಗೋಡೆ ನೋಡುತ್ತ ಚಹಾ ಕುಡಿಯುವ ಮನಸ್ಸಿದ್ದವರು ಅವುಗಳಲ್ಲಿ ಕೂರಬಹುದು.

ನಮ್ಮೂರಿನಲ್ಲಿ ತಕರಾರು ಬಿದ್ದ ವಸ್ತು ಇದ್ದಲ್ಲೇ ಕಚ್ಚಿಕೊಳ್ಳುತ್ತದೆ. ಒಂದನ್ನು ಇಬ್ಬರು ತಮ್ಮದೆಂದು ನಂಬಿದರೆ ಸಾಕು, ಬಾಯಿಬಿಟ್ಟು ಹೇಳಬೇಕೆಂದೂ ಇಲ್ಲ. ಹಾರೆ ಹಾಕಿ ಮೀಟಿದರೆ ಹಾರೆ ಬಗ್ಗುತ್ತದೆಯೇ ಹೊರತು ವಸ್ತು ಏಳುವುದಿಲ್ಲ. ಅದರ ಮುಂದೆ ನಿಂತು ಯಾರಾದರೂ ಸರಿಯಾದ ಕಾರಣ ಹೇಳಬೇಕು, ಆಗ ಬಿಡುತ್ತದೆ. ತೀರ್ಪು ಸರಿ ಇದ್ದರೆ ಸಾಲದು, ಕಾರಣ ಸರಿ ಇರಬೇಕು. ಅರ್ಧ ಸರಿ ಇದ್ದರೆ ಅಲುಗುತ್ತದೆ, ಅಷ್ಟೆ. ಹೀಗಾಗಿ ಸಂತೆಯಲ್ಲಿ ಕೊಡ ಕೊಳ್ಳುವ ಹೆಂಗಸರು ಬೆಲೆ ಕೇಳುವ ಮೊದಲು ಅದನ್ನು ಎತ್ತಿ ನೋಡುತ್ತಾರೆ. ಪಾಲು ಕೇಳಬೇಕೆಂದಿರುವ ತಮ್ಮಂದಿರು ಒಲೆಯ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿದ ಮೇಲೆಯೇ ಮಾತು ತೆಗೆಯುತ್ತಾರೆ. ಒಮ್ಮೆ ಒಂದು ಎಮ್ಮೆ ಬಸ್ ನಿಲ್ದಾಣದ ಬಾಗಿಲಲ್ಲಿ ನಾಲ್ಕು ತಿಂಗಳು ನಿಂತಿತ್ತು, ಪ್ರಯಾಣಿಕರೇ ಮೇವು ಹಾಕಿ ಸಾಕಿದರು. ಮನೆಗಳು ಹುಟ್ಟಿದಾಗಿನಿಂದಲೇ ಕಚ್ಚಿಕೊಂಡಿರುವುದರಿಂದ ಅವುಗಳ ತಕರಾರಿನಲ್ಲಿ ಬಾಗಿಲಿನ ಕೀಲಿ ಬಿಗಿಯುತ್ತದೆ.

ಬೇರೆ ಊರಿನ ಕಾಲೇಜುಗಳಲ್ಲಿ ಹುಡುಗರು ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡಿ ಪಾಸಾಗುತ್ತಾರಂತೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಎರಡನೇ ವರ್ಷದವರನ್ನು ಕರೆದುಕೊಂಡು ಊರೊಳಗೆ ಹೋಗುತ್ತೇವೆ. ಎಲ್ಲಿ ಏನು ಕಚ್ಚಿದೆಯೋ ಅದರ ಸುತ್ತ ನಿಂತು ಬಿಡಿಸುತ್ತೇವೆ. ಈ ವಾರ ಬಾಡಿಗೆ ಮನೆಯ ಕೀಲಿ, ಮುಂದಿನ ವಾರ ತವರಿನವರು ಕೊಟ್ಟ ಹಿತ್ತಾಳೆ ಹಂಡೆ, ಅದರ ಮುಂದಿನ ವಾರ ಕೆಲಸದಿಂದ ತೆಗೆದುಹಾಕಿದ ಕಾವಲುಗಾರನ ಸಮವಸ್ತ್ರ. ಕರಾರು, ಕುಟುಂಬ, ಅಪರಾಧ, ನೌಕರಿ ಎಂದು ನಾವು ಬೇರೆ ಬೇರೆ ಪುಸ್ತಕ ಮಾಡಿಕೊಂಡಿದ್ದೇವೆ, ಹಂಡೆಗೆ ಅದೆಲ್ಲ ಗೊತ್ತಿಲ್ಲ. ಈ ಬಿಡಿಸುವ ತರಗತಿ ಹತ್ತೊಂಬತ್ತು ವರ್ಷ ನನ್ನೊಬ್ಬನದಾಗಿತ್ತು. ನಾನು ಎರಡೂ ಕಡೆಯವರ ಮಾತು ಕೇಳಿ, ಕನ್ನಡಕ ಒರೆಸಿಕೊಂಡು ಶುರು ಮಾಡುತ್ತಿದ್ದೆ. ಸಂಗತಿ ಏನು, ಪ್ರಶ್ನೆ ಏನು, ನಿಯಮ ಏನು, ಆ ನಿಯಮ ಈ ಸಂಗತಿಗೆ ಹೇಗೆ ಕೂಡುತ್ತದೆ. ಹುಡುಗರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ನನ್ನ ಮಾತು ಮುಗಿಯುವ ಹೊತ್ತಿಗೆ ವಸ್ತು ಟಕ್ ಎಂದು ಬಿಡುತ್ತಿತ್ತು. ಮನೆಯವರು ಚುರುಮುರಿ ಕೊಟ್ಟು ಕಳಿಸುತ್ತಿದ್ದರು. ‘ಬಿಡಿಸೋ ಹೆಬಸೂರ ಸರ’ ಎಂದರೆ ಊರಿಗೆಲ್ಲ ಗೊತ್ತು. ಮದುವೆ ಮನೆಯಲ್ಲಿ ನನಗೆ ಮೊದಲ ಪಂಕ್ತಿ.

ಬಿಡಿಸಿದ್ದನ್ನೆಲ್ಲ ಕೆಂಪು ರಟ್ಟಿನ ದಪ್ಪ ವಹಿಯೊಂದರಲ್ಲಿ ಬರೆದಿಟ್ಟಿದ್ದೆ. ಯಾವ ವಸ್ತು, ಯಾವ ಕಾರಣಕ್ಕೆ ಅಲುಗಿತು, ಯಾವ ಕಾರಣಕ್ಕೆ ಬಿಟ್ಟಿತು, ಎಲ್ಲವೂ ಅದರಲ್ಲಿತ್ತು. ಆ ಮೊದಲ ದಿನ ಮಂದಾಕಿನಿ ಕುರ್ಚಿಯಲ್ಲಿ ಕೂತು, ಗೋಡೆಗೆ ಮುಖ ಮಾಡಿದ ಆ ಎರಡು ಕುರ್ಚಿಗಳನ್ನು ನೋಡಿ ನಕ್ಕಳು. ಆಕೆ ಹನ್ನೊಂದು ವರ್ಷ ಯಾವುದೋ ಊರಿನ ಕೋರ್ಟಿನಲ್ಲಿ ನ್ಯಾಯಾಧೀಶರ ಮಾತು ಬರೆದುಕೊಳ್ಳುವ ಕೆಲಸದಲ್ಲಿದ್ದವಳು, ಆಮೇಲೆ ಕಾನೂನು ಓದಿದವಳು.

“ನಮ್ಮೂರಾಗ ಹಿಂಗಿಲ್ರಿ ಸರ,” ಅಂದಳು. “ತೀರ್ಪು ತಪ್ಪಾದ್ರೂ ಸಾಮಾನು ಸುಮ್ನ ಹೊಂಟಹೋಗ್ತಾವು.”

“ಇಲ್ಲಿ ಹಂಗ ನಡ್ಯಾಂಗಿಲ್ಲ,” ಅಂದೆ. ಪಾಪ ಅನ್ನಿಸಿತು. ಜೊತೆಗೆ ನಾನೆಷ್ಟು ದೊಡ್ಡವನು ಎಂದು ಮೊದಲ ದಿನವೇ ತಿಳಿಯಲಿ ಎಂದೂ ಅನ್ನಿಸಿತು. ಕಪಾಟಿನಿಂದ ಕೆಂಪು ವಹಿ ತೆಗೆದು ಆಕೆಯ ಮುಂದಿಟ್ಟೆ. “ಇಟ್ಕೋರಿ ಮೇಡಂ,” ಅಂದು ಕೈ ಬೀಸಿ ಹೊರಗೆ ಹೋದೆ. ಬಾಯಲ್ಲಿ ಆಕೆಗೆ ಬಹುವಚನ ಕೊಡುತ್ತೇನೆ. ಮನಸ್ಸಿನಲ್ಲಿ ಎಂದೂ ಕೊಟ್ಟಿಲ್ಲ, ಇಲ್ಲಿ ಬರೆಯುವಾಗಲೂ ಕೊಡುವುದಿಲ್ಲ.

ಆ ವರ್ಷ ಎರಡನೇ ವರ್ಷದಲ್ಲಿ ಅರವತ್ತು ಮಂದಿ ಇದ್ದರು. ಅಷ್ಟು ಜನ ಒಂದು ಅಡುಗೆಮನೆಯೊಳಗೆ ಹಿಡಿಸುವುದಿಲ್ಲವೆಂದು ಪ್ರಾಚಾರ್ಯರು ಎರಡು ತುಕಡಿ ಮಾಡಿದರು. ಒಂದು ನನಗೆ, ಇನ್ನೊಂದು ಮಂದಾಕಿನಿಗೆ. ಬೇಕಾದವರು ಬೇಕಾದ ಕಡೆ ಹೋಗಬಹುದು ಎಂದು ಬೇರೆ ಹೇಳಿಬಿಟ್ಟರು. ಮೊದಲು ನನ್ನ ಹತ್ತಿರ ಐವತ್ತು, ಆಕೆಯ ಹತ್ತಿರ ಹತ್ತು. ಆ ಹತ್ತು ಮಂದಿಯೂ ಬೆಳಿಗ್ಗೆ ತಡವಾಗಿ ಏಳುವವರು, ನನ್ನ ತುಕಡಿ ಹೊರಟುಹೋದ ಮೇಲೆ ಬಂದವರು. ಗಂಡಾಂತರವೇನೂ ಕಾಣಲಿಲ್ಲ.

ಅಂಚೆ ಕಚೇರಿಯ ಮುಂದೆ ಸೈಕಲ್ ಕಚ್ಚಿದ್ದು ಆಗಲೇ. ಹಿಟ್ಟಿನ ಗಿರಣಿಯ ತೋಟಪ್ಪ ಅಂಚೆ ಕಚೇರಿಯಿಂದ ತನ್ನದೆಂದುಕೊಂಡು ಒಬ್ಬ ಶಾಲೆ ಮಾಸ್ತರರ ಸೈಕಲ್ ಒಯ್ದಿದ್ದ. ಎರಡೂ ಕಪ್ಪು, ಎರಡಕ್ಕೂ ಒಂದೇ ಬಣ್ಣದ ಸೀಟಿನ ಚೀಲ. ಮಾಸ್ತರರು ತೋಟಪ್ಪನ ಸೈಕಲ್ ಅನ್ನು ಮುಟ್ಟದೆ ಹತ್ತು ದಿನ ತಮ್ಮದನ್ನು ಹುಡುಕಿದರು. ಹತ್ತನೇ ದಿನ ಅದೇ ಜಾಗದಲ್ಲಿ ತೋಟಪ್ಪನನ್ನು ಕಂಡು ಹ್ಯಾಂಡಲ್ ಹಿಡಿದರು. “ನಂದು ನೀವು ತಗೋರಿ, ನಿಮ್ದು ನನಗಿರಲಿ, ಅದಲಿಬದಲಿ ಆಗಿ ಹತ್ತು ದಿನಾತಲ್ಲ,” ಎಂದು ತೋಟಪ್ಪ ವಾದ ಹೂಡಿದ. ಸೈಕಲ್ ಅಲ್ಲೇ ಕಚ್ಚಿತು.

ನಾನು ಐವತ್ತು ಮಂದಿಯನ್ನು ಸುತ್ತ ನಿಲ್ಲಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದೆ. ಅದಲಿಬದಲಿ ಎಂದರೆ ಅದೂ ಒಂದು ಕರಾರು, ಕರಾರಿಗೆ ಇಬ್ಬರ ಒಪ್ಪಿಗೆ ಬೇಕು, ಇಲ್ಲಿ ಒಪ್ಪಿಗೆ ಇಲ್ಲ, ಇದ್ದದ್ದು ಬರೀ ತಪ್ಪು ತಿಳುವಳಿಕೆ, ಆದ್ದರಿಂದ ಅವರವರದು ಅವರವರಿಗೆ. ಸೈಕಲ್ ಅಲುಗಿತು. ಇನ್ನೆರಡು ಸಲ ಬೇರೆ ಮಾತಿನಲ್ಲಿ ಹೇಳಿದೆ. ಮತ್ತೆ ಅಲುಗಿತು, ಬಿಡಲಿಲ್ಲ. ಬಿಸಿಲು ಏರಿತು. ಮುಂದಿನ ವಾರ ನೋಡೋಣ ಎಂದು ಎಲ್ಲರನ್ನೂ ಕಳಿಸಿದೆ.

ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಮಂದಾಕಿನಿ ತನ್ನ ಹತ್ತು ಜನರೊಂದಿಗೆ ಅಲ್ಲಿದ್ದಳು. ನನ್ನ ತುಕಡಿಯ ಜುಲೇಖಾ ಕಿತ್ತೂರ ಎಂಬ ಹುಡುಗಿಯೂ ಅಲ್ಲಿದ್ದಳು. ಜುಲೇಖಾ ನನ್ನ ಮೆಚ್ಚಿನ ವಿದ್ಯಾರ್ಥಿನಿ. ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು. ಮಂದಾಕಿನಿ ಅಂಚೆ ಪೆಟ್ಟಿಗೆಗೆ ಒರಗಿ ನಿಂತಿದ್ದಳು, ಬಾಯಲ್ಲಿ ಒಂದು ಮಾತಿಲ್ಲ. ಇದೆಂಥ ಪಾಠ ಎಂದುಕೊಂಡೆ. ಹುಡುಗರೇ ತೋಟಪ್ಪನನ್ನು ಕೇಳುತ್ತಿದ್ದರು.

“ಇದು ನಿಮ್ದಲ್ಲ ಅಂತ ನಿಮಗ ಯಾವಾಗ ಗೊತ್ತಾತ್ರಿ?” ಎಂದು ಜುಲೇಖಾ ಕೇಳಿದಳು.

ತೋಟಪ್ಪ ತಲೆ ಕೆರೆದುಕೊಂಡ. “ಮರುದಿನ ಗಂಟಿ ಬಾರಿಸಿದಾಗವಾ. ನನ್ನ ಸೈಕಲ್ಲಿನ ಗಂಟಿ ಒಡದೈತಿ. ಇದು ಚಂದ ಬಡೀತು.”

“ಹಂಗಾರ ಮೊದಲನೇ ದಿನದ್ದು ತಪ್ಪು ತಿಳುವಳಿಕಿ,” ಅಂದಳು ಹುಡುಗಿ. “ಗಂಟಿ ಬಡದ ಮ್ಯಾಲಿನ ಒಂಬತ್ತು ದಿನ ತಪ್ಪು ತಿಳುವಳಿಕಿ ಅಲ್ಲ. ಮಂದೀದು ಅಂತ ಗೊತ್ತಿದ್ದೂ ತನ್ನದಂಗ ಬಳಸಿದ್ದು ದುರ್ವಿನಿಯೋಗ. ಅಪರಾಧ ಮಾಡಿ ಇಟ್ಟುಕೊಂಡದ್ದಕ್ಕ ಅದಲಿಬದಲಿ ಅಂತ ಹೆಸರಿಡಾಕ ಬರೂದಿಲ್ಲ.”

ಟಕ್ ಎಂದು ಸೈಕಲ್ ಬಿಟ್ಟಿತು. ಮಾಸ್ತರರು ಗಂಟೆ ಬಾರಿಸಿಕೊಂಡು ಹೋದರು. ನಾನು ಕರಾರಿನ ಪುಸ್ತಕದೊಳಗೇ ಸುತ್ತು ಹೊಡೆಯುತ್ತಿದ್ದೆ, ಹುಡುಗಿ ಅದನ್ನು ದಾಟಿ ದಂಡ ಸಂಹಿತೆಗೆ ಹೋಗಿದ್ದಳು. ದಾಟಲು ಕಲಿಸಿದವಳು ಅಂಚೆ ಪೆಟ್ಟಿಗೆಗೆ ಒರಗಿ ನಿಂತವಳು. ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಬೇರೆ ಹೆಸರಿಡಲು ಬಹಳ ನೋಡಿದೆ. ಶಿಸ್ತಿನ ಬಗ್ಗೆ ಕಾಳಜಿ ಅಂದುಕೊಂಡೆ, ಹಿರಿಯರ ಬಗ್ಗೆ ಗೌರವ ಅಂದುಕೊಂಡೆ. ಯಾವ ಹೆಸರೂ ನಿಲ್ಲಲಿಲ್ಲ. ಅದು ಶುದ್ಧ ಹೊಟ್ಟೆಕಿಚ್ಚು, ಊಟ ಮಾಡಿದರೂ ಆರುತ್ತಿರಲಿಲ್ಲ.

ಆಮೇಲಿನದು ಬೇಗ ಬೇಗ ಆಯಿತು. ಜುಲೇಖಾ ಆಕೆಯ ತುಕಡಿಗೆ ಹೋದಳು, ಅವಳ ಹಿಂದೆ ಆರು ಮಂದಿ, ಅವರ ಹಿಂದೆ ಹನ್ನೆರಡು, ಮತ್ತೆ ಇನ್ನೂ ಹನ್ನೆರಡು. ಮಂದಾಕಿನಿಯ ಪಾಠದ ರೀತಿ ಏನೆಂದರೆ ಆಕೆ ಪಾಠವನ್ನೇ ಹೇಳುವುದಿಲ್ಲ. ಯಾರು ಯಾವ ಮಾತು ಅಂದರು, ಅದೇ ಮಾತು ಹೇಳಿ ಅನ್ನುತ್ತಾಳೆ. ಒಬ್ಬನು ಒಂದು ಕಡೆಯ ವಾದ ಮುಗಿಸುವಷ್ಟರಲ್ಲಿ “ಬದಲಿ” ಅನ್ನುತ್ತಾಳೆ, ಅವನು ತಕ್ಷಣ ಎದುರು ಕಡೆಯ ವಾದ ಹೂಡಬೇಕು. ನಾನು ಮುಕ್ಕಾಲು ಗಂಟೆ ಬೆವರಿಳಿಸುವುದನ್ನು ಆಕೆ ಒಂದು ಶಬ್ದದಲ್ಲಿ ಮುಗಿಸುತ್ತಾಳೆ. ಡಿಸೆಂಬರಿಗೆ ನನ್ನ ಹತ್ತಿರ ಹತ್ತೊಂಬತ್ತು ಮಂದಿ ಉಳಿದರು. ವರ್ಷಕ್ಕೊಬ್ಬರಂತೆ ಎಂದು ಒಬ್ಬ ಸಹೋದ್ಯೋಗಿ ಹಾಸ್ಯ ಮಾಡಿದ, ಅವನೊಂದಿಗೆ ಮಾತು ಬಿಟ್ಟೆ.

ಜನವರಿಯಲ್ಲಿ ಪ್ರಾಚಾರ್ಯರು ನಮ್ಮಿಬ್ಬರನ್ನೂ ಕರೆಸಿ, ಜೂನಿನಿಂದ ಎರಡು ತುಕಡಿ ಬೇಡ, ಶನಿವಾರದ ತರಗತಿ ಒಬ್ಬರ ಕೈಯಲ್ಲೇ ಇರಲಿ, ಯಾರೆಂಬುದನ್ನು ಮಾರ್ಚ್ ಮುಗಿಯುವಾಗ ಹೇಳುತ್ತೇನೆ ಎಂದರು. “ಸರ ಇದ್ದಾರಲ್ರಿ,” ಅಂದಳು ಮಂದಾಕಿನಿ. ಆ ಸೌಜನ್ಯ ನನಗೆ ಮೆಣಸಿನಕಾಯಿ ಹಚ್ಚಿದಂತಾಯಿತು. ಶನಿವಾರ ಹೋದರೆ ನನಗೆ ಉಳಿಯುವುದು ಸೋಮವಾರ ಮಧ್ಯಾಹ್ನದ ಪ್ರಕ್ರಿಯಾ ಸಂಹಿತೆ, ಹುಡುಗರು ನಿದ್ದೆ ಮಾಡುವ ತರಗತಿ. ಶನಿವಾರವಿಲ್ಲದ ಹೆಬಸೂರ ಯಾರು ಎಂದು ನನಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಸುಮಿತ್ರಾ ರೊಟ್ಟಿ ಹಾಕುತ್ತ ನನ್ನ ಮುಖ ನೋಡಿದಳು.

“ಯಾಕ್ರಿ, ನೀವ ಕಚ್ಚಿಕೊಂಡಂಗ ಕುಂತೀರಲ್ಲ?”

“ನನ್ನ ವಹಿ ಇಟ್ಕೊಂಡು ನನಗ ಮೀರಿಸಾಕ ಹತ್ಯಾಳ,” ಅಂದೆ.

“ನೀವ ಕೊಟ್ರಿ, ಕಪಾಟ ಒಡದು ತಗೊಂಡಾರೇನು?”

“ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ,” ಅಂದೆ.

“ಕೋಡಂಗಿ ಅಂತ ನೀವ ಅಂದ್ರಿ, ನಾ ಅಂದಿಲ್ಲ,” ಎಂದು ಪಲ್ಯ ತರಲು ಒಳಗೆ ಹೋದಳು.

ಫೆಬ್ರವರಿಯ ಕೊನೆಯ ಶನಿವಾರ ಊರಿನಲ್ಲಿ ಹೊಸದಾಗಿ ಏನೂ ಕಚ್ಚಿರಲಿಲ್ಲ. ಅಂಥ ವಾರ ಮಂದಾಕಿನಿ ಮೂರನೇ ಕೋಣೆಯಲ್ಲಿ ಹಳೆಯ ಪ್ರಕರಣ ಓದಿಸುತ್ತಿದ್ದಳು. ನಾನು ಪಡಸಾಲೆಯಲ್ಲಿ ಹೋಗುತ್ತಿದ್ದವನು ಕಿಟಕಿಯ ಹತ್ತಿರ ನಿಂತೆ. ಮೇಜಿನ ಮೇಲೆ ನನ್ನ ಕೆಂಪು ವಹಿ ತೆರೆದಿತ್ತು. ಅದರ ಅಂಚಿನ ತುಂಬ ಆಕೆ ಪೆನ್ಸಿಲಿನಲ್ಲಿ ಏನೇನೋ ಬರೆದಿದ್ದಳು.

“ಈ ಹಂಡೇದ ಪ್ರಕರಣದಾಗ ಹೆಬಸೂರ ಸರ ಹನ್ನೊಂದು ಕಾರಣ ಹೇಳ್ಯಾರ,” ಅನ್ನುತ್ತಿದ್ದಳು. “ಯಾವುದಕ್ಕ ಬಿಡ್ತು?”

“ಹನ್ನೊಂದನೇದಕ್ಕ ಮೇಡಂ.”

“ಹಂಗಾರ ಮೊದಲಿನ ಹತ್ತು ಯಾಕ ಬೇಕಾಗಿದ್ದುವು? ಹುಡುಕ್ರಿ ನೋಡೂಣು.”

ಹುಡುಗರು ನಕ್ಕರು. ನನಗೇ ನಕ್ಕರೆಂದು ಈಗಲೂ ಪ್ರಮಾಣ ಮಾಡಲಾರೆ, ಹನ್ನೊಂದು ಎಂಬ ಸಂಖ್ಯೆಗೆ ನಕ್ಕಿರಬಹುದು. ಆದರೆ ನನ್ನ ಮೈಯೆಲ್ಲ ಉರಿಯಿತು. ಅದು ನನ್ನ ವಹಿ, ನನ್ನ ಹತ್ತೊಂಬತ್ತು ವರ್ಷ, ಇವಳದಲ್ಲ, ನನ್ನದು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಬಾಯಿ ಬಿಡಲಿಲ್ಲ. ಒಳಗೆ ಮಂದಾಕಿನಿ ಹಾಳೆ ತಿರುವಲು ಹೋದಳು. ಹಾಳೆ ಏಳಲಿಲ್ಲ. ವಹಿಯನ್ನು ಎತ್ತಲು ಹೋದಳು, ಮೇಜೇ ಕಿರುಗುಟ್ಟಿತು.

“ಕಚ್ಚೇತಿ!” ಎಂದು ಹುಡುಗರು ಎದ್ದು ನಿಂತರು.

“ಯಾರರೇ ಇದು ನಂದು ಅಂತ ಅನ್ಕೊಂಡೀರೇನ್ರಿ?” ಎಂದು ಆಕೆ ಎಲ್ಲರ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಗಡಬಡಿಸಿ ಸೂಚನಾ ಫಲಕದ ಕಡೆ ತಿರುಗಿ, ಎರಡು ವರ್ಷ ಹಿಂದಿನ ಪರೀಕ್ಷಾ ವೇಳಾಪಟ್ಟಿಯನ್ನು ಮನಸ್ಸಿಟ್ಟು ಓದತೊಡಗಿದೆ.

ಸೋಮವಾರ ಆಕೆ ನೇರವಾಗಿ ನನ್ನನ್ನೇ ಕೇಳಿದಳು. “ಸರ, ವಹಿ ಕಚ್ಚೇತಿ. ನಿಮಗೇನರೇ ಗೊತ್ತೈತೇನ್ರಿ?”

“ನನಗ್ಯಾಕ ಗೊತ್ತಿರ್ತೈತಿ? ನಿಮ್ಮ ಹಂತ್ಯಾಕ ಇರೂದಲ್ಲೇನ್ರಿ ಅದು,” ಅಂದೆ.

ಆಕೆ ನನ್ನ ಮುಖ ನೋಡಿ, “ಹೌದ್ರಿ,” ಎಂದಷ್ಟೇ ಹೇಳಿ ಹೋದಳು.

ಆಮೇಲಿನ ಮೊದಲ ವಾರ ನಾನು ಸುಖವಾಗಿದ್ದೆ, ಸುಳ್ಳು ಯಾಕೆ ಹೇಳಲಿ. ವಹಿ ನನಗಿಲ್ಲ, ಆಕೆಗೂ ಇಲ್ಲ. ಆ ಹಂಡೆಯ ಪುಟದಲ್ಲಿ ತೆರೆದು ಬಿದ್ದಿದೆ, ಅದೂ ನನ್ನ ಹನ್ನೊಂದು ಕಾರಣಗಳ ಪುಟದಲ್ಲಿ, ಬರುವ ಹೋಗುವವರೆಲ್ಲ ಓದುವಂತೆ. ಈ ಕೊನೆಯ ಅಂಶ ನನಗೆ ಹೊಳೆದದ್ದು ಎರಡನೇ ವಾರ. ಆಗ ಸುಖ ಸ್ವಲ್ಪ ಕಡಿಮೆಯಾಯಿತು. ಮೂರನೇ ವಾರ ಮಂದಾಕಿನಿ ಆ ವಹಿಯನ್ನೇ ತರಗತಿಯ ಪ್ರಕರಣ ಮಾಡಿದಳು. ಮನೆ ಬಾಗಿಲಿಗೇ ಪ್ರಕರಣ ಬಂದಿದೆ, ಊರೊಳಗೆ ಯಾಕೆ ಅಲೆಯಬೇಕು ಎಂದಳಂತೆ. ನನ್ನ ಹತ್ತೊಂಬತ್ತು ಮಂದಿಯೂ ಅದನ್ನು ನೋಡಬೇಕೆಂದು ರಜೆ ಕೇಳಿದರು. ನನ್ನ ಹೊಟ್ಟೆಕಿಚ್ಚನ್ನೂ ಆಕೆ ಪಾಠ ಮಾಡಿಕೊಂಡಳಲ್ಲ ಎಂದು ಹಲ್ಲು ಕಡಿದೆ. ವಹಿ ಮೊದಲು ಯಾರದಾಗಿತ್ತು ಎಂಬುದು ಎಲ್ಲರಿಗೂ ಗೊತ್ತಿದ್ದದ್ದರಿಂದ ನನಗೆ ಸಾಕ್ಷಿಯಾಗಿ ಕರೆ ಬಂತು. ಹೋಗದಿದ್ದರೆ ಗುಟ್ಟು ಬಯಲಾಗುತ್ತದೆ. ಮಾರ್ಚ್ ಕೊನೆಯ ಶನಿವಾರ ಹೋದೆ. ಬಾಗಿಲ ಬಳಿ ಪ್ರಾಚಾರ್ಯರೂ ಕೈ ಕಟ್ಟಿ ನಿಂತಿದ್ದರು. ಶನಿವಾರ ಯಾರದೆಂಬುದು ಇವತ್ತು ಇಲ್ಲೇ ತೀರ್ಮಾನವಾಗುತ್ತದೆ ಎಂದು ಅವರ ಮುಖ ನೋಡಿಯೇ ತಿಳಿಯಿತು.

ತಕರಾರುದಾರನ ಪರ ಮೊದಲು ನಿಂತವಳು ಜುಲೇಖಾ.

“ನನ್ನ ಕಕ್ಷಿದಾರರು ಯಾರಂತ ನನಗ ಗೊತ್ತಿಲ್ರಿ, ಆದ್ರೂ ಅವರ ಪರ ಮಾತಾಡ್ತೀನಿ,” ಅಂದಾಗ ಎಲ್ಲರೂ ನಕ್ಕರು. “ಈ ವಹಿ ಕೊಟ್ಟದ್ದು ದಾನ ಅಲ್ಲ, ಎರವಲು. ಕೆಲಸ ಮಾಡೋ ಮನಿಷಾ ತನ್ನ ಕೈಯಾಗಿನ ಹತಾರ ದಾನ ಮಾಡೂದಿಲ್ಲ. ಹತ್ತೊಂಬತ್ತು ವರ್ಷದ ದುಡಿಮಿಯನ್ನ ಹತ್ತು ನಿಮಿಷದ ಪರಿಚಯದವರಿಗೆ ಯಾರೂ ಕೊಟ್ಟುಬಿಡೂದಿಲ್ಲ. ನೋಡಿ ಕಲೀರಿ, ಕಲಿತು ವಾಪಸ್ ಕೊಡ್ರಿ, ಅಷ್ಟ ಅದರರ್ಥ.”

ಒಂದೊಂದು ಮಾತೂ ನನ್ನ ಎದೆಗೆ ಬೆಣ್ಣೆ ಸವರಿದಂತಿತ್ತು. ನನ್ನ ಪರವಾಗಿ ಇಷ್ಟು ಚೆನ್ನಾಗಿ ನಾನು ಕೂಡ ವಾದಿಸಿಕೊಂಡಿರಲಿಲ್ಲ. ವಹಿಯ ಕಡೆ ನೋಡಿದೆ. ಅದು ಮಿಸುಕಲಿಲ್ಲ.

“ಬದಲಿ,” ಅಂದಳು ಮಂದಾಕಿನಿ.

ಜುಲೇಖಾ ಮೇಜಿನ ಈ ಕಡೆಯಿಂದ ಆ ಕಡೆಗೆ ಹೋಗಿ ನಿಂತಳು. ನನ್ನ ಕಡೆ ತಿರುಗಿದಳು.

“ಸರ, ವಹಿ ಕೊಡೂಮುಂದ ನೀವು ಏನಂದ್ರಿ? ಅದ ಮಾತು ಹೇಳ್ರಿ.”

“ಇಟ್ಕೋರಿ ಅಂದೆ.”

“ಬರೇ ಇಟ್ಕೋರಿ?”

“ಇಟ್ಕೋರಿ ಮೇಡಂ.”

ಕೋಣೆಯಲ್ಲಿ ಗದ್ದಲವೆದ್ದಿತು. ಹಬ್ಬಕ್ಕೆ ಬಂದ ತಂಗಿಯ ಕೈಯಲ್ಲಿ ಸೀರೆ ಇಟ್ಟು ಇಟ್ಕೋ ಅಂದರೆ ಅದು ಕೊಟ್ಟಂತೆಯೇ ಎಂದು ಒಬ್ಬಳು. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಕೀಲಿ ಇಟ್ಕೋರಿ ಅಂದರೆ ಮನೆಯನ್ನೇ ಕೊಟ್ಟಂತಾಯಿತೇ ಎಂದು ಇನ್ನೊಬ್ಬ. ಒಂದೇ ಮಾತಿನಲ್ಲಿ ದಾನವೂ ಇದೆ, ಕಾಪಾಡಲು ಒಪ್ಪಿಸುವ ನಿಕ್ಷೇಪವೂ ಇದೆ. ಹತ್ತೊಂಬತ್ತು ವರ್ಷ ಮಂದಿಯ ಮಾತು ಅಳೆದು ತೂಗಿದ ನಾನು ನನ್ನ ವಹಿಯನ್ನು ಇಂಥ ಎಡವಟ್ಟು ಮಾತಿನಲ್ಲಿ ಕೊಟ್ಟಿದ್ದೆ.

“ಮಾತಿನ್ಯಾಗ ಎರಡೂ ಅದಾವು,” ಅಂದಳು ಜುಲೇಖಾ. “ಹಂಗಾರ ಮನಸ್ಸು ಕೇಳಬೇಕಾಕ್ಕೈತಿ. ಸರ, ಆ ಹೊತ್ತಿನ್ಯಾಗ ಇದನ್ನ ವಾಪಸ್ ಇಸ್ಕೋಬೇಕು ಅಂತ ನಿಮ್ಮ ಮನಸ್ಸಿನ್ಯಾಗ ಇತ್ತೇನ್ರಿ?”

ನಾನು ತಡವರಿಸಿದೆ. ಸಾಕ್ಷಿ ತಡವರಿಸಿದರೆ ಅದೇ ಉತ್ತರ ಎಂದು ಈ ಹುಡುಗಿಗೆ ಹೇಳಿಕೊಟ್ಟವನು ನಾನೇ. ಅವಳು ಕಾದಳು. ಇತ್ತು ಎಂದುಬಿಡಬಹುದಾಗಿತ್ತು, ಆದರೆ ಮೇಜಿನ ಮೇಲಿನದು ಸುಳ್ಳಿಗೆ ಬಿಡುವ ಪೈಕಿಯಲ್ಲ.

“ಇರಲಿಲ್ಲ,” ಅಂದೆ. ವಹಿ ಅಲುಗಿತು.

“ಯಾಕ ಇರಲಿಲ್ರಿ?”

“ಇವರು ತಿಂಗಳೊಪ್ಪತ್ತಿನ್ಯಾಗ ಊರು ಬಿಟ್ಟು ಹೋಗ್ತಾರಂತ ತಿಳಿದಿದ್ದೆ. ಹೋದ್ರ ವಹಿ ಇಲ್ಲೇ ಉಳೀತಿತ್ತು.”

ಯಾರೂ ನಗಲಿಲ್ಲ. ಮಂದಾಕಿನಿ ಕಿಟಕಿಯ ಹೊರಗೆ ನೋಡಿದಳು. ಆಕೆಯ ಕಿವಿ ಕೆಂಪಾದದ್ದು ನನಗೆ ಕಂಡಿತು, ಜೀವನದಲ್ಲಿ ಮೊದಲ ಸಲ ಆಕೆಯ ಮುಂದೆ ನಾಚಿಕೆಯಾಯಿತು.

ಜುಲೇಖಾ ವಾದ ಮುಂದುವರಿಸಿದಳು. “ಹೋಗ್ತಾರಂತ ತಿಳಕೊಳ್ಳೂದು ಬ್ಯಾರೆ, ಹೋದ್ರ ವಾಪಸ್ ಕೊಡಬೇಕಂತ ಷರತ್ತು ಹಾಕೂದು ಬ್ಯಾರೆ. ಬಾಯಿಬಿಟ್ಟು ಹೇಳದ ಷರತ್ತು ತಗೊಂಡವರನ್ನ ಕಟ್ಟಿಹಾಕೂದಿಲ್ಲ. ಪ್ರೀತಿಲೆ ಕೊಟ್ರೂ ಅಷ್ಟ, ದೊಡ್ಡಸ್ತಿಕಿಗೆ ಕೊಟ್ರೂ ಅಷ್ಟ, ದಾನ ದಾನಾನ. ಸರ ಕೊಟ್ರು, ಮೇಡಂ ತಗೊಂಡ್ರು. ವಹಿ ಮೇಡಂದು.”

ಒಂದೂ ತಪ್ಪು ಹುಡುಕಲಾಗದ ವಾದ. ವಹಿ ಜೋರಾಗಿ ಅಲುಗಿತು, ಅದರ ಒಂದು ಮೂಲೆ ಬೆರಳಿನಷ್ಟು ಎದ್ದಿತು. ಮೂಲೆ ಮತ್ತೆ ಕೂತಿತು. ಜುಲೇಖಾ ಗಲಿಬಿಲಿಗೊಂಡು ಮಂದಾಕಿನಿಯ ಮುಖ ನೋಡಿದಳು. ಮಂದಾಕಿನಿಗೂ ತಿಳಿಯಲಿಲ್ಲ. ಕಾನೂನು ಮುಗಿದಿತ್ತು, ವಹಿ ಬಿಟ್ಟಿರಲಿಲ್ಲ. ಈಗಷ್ಟೇ ಆದ ನಾಚಿಕೆ ಎಲ್ಲಿ ಹೋಯಿತೋ, ನನ್ನೊಳಗೆ ಸಂತೋಷ ಪುಟಿಯಿತು. ಇವಳಿಂದಲೂ ಆಗಲಿಲ್ಲ! ಪ್ರಾಚಾರ್ಯರೇ, ನೋಡಿಕೊಳ್ಳಿ, ಇವಳಿಂದಲೂ ಆಗಲಿಲ್ಲ. ಆ ಗಳಿಗೆ ನಾನು ಎಷ್ಟು ಕೆಟ್ಟವನಾಗಿದ್ದೆ ಎಂದರೆ ಎದ್ದು ಮಂದಾಕಿನಿಗೆ ಸಮಾಧಾನ ಹೇಳಲು ಹೊರಟಿದ್ದೆ.

ಹಿಂದಿನ ಬೆಂಚಿನಿಂದ ಅಡಿವೆಪ್ಪ ಎದ್ದ. ಅವನು ನನ್ನ ತುಕಡಿಯವನು. ದೊಡ್ಡ ಮೈ, ಓದುವುದು ನಿಧಾನ. ತತ್ವಪದ ಹಾಡುವವರ ಮನೆತನದವನು. ಮಂದನೆಂದು ನಾನು ಅವನ ಹೆಸರಿನ ಮುಂದೆ ಹಾಜರಿ ಹಾಕುವುದನ್ನು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

“ಮೇಡಂ, ನಾ ಒಂದ ಮಾತ ಹೇಳ್ಲೇನ್ರಿ? ಪುಸ್ತಕದಾಗಿಂದಲ್ಲ, ನಮ್ಮ ಮನೀದು.”

“ಹೇಳಪ್ಪಾ.”

“ನಮ್ಮಜ್ಜ ಸತ್ತ ಮ್ಯಾಲೆ ಅವನ ಏಕತಾರಿ ನಾ ಬಾರಿಸ್ತಿದ್ದೆ. ನಮ್ಮಣ್ಣಗ ಹಾಡಾಕ ಬರೂದಿಲ್ಲ. ಒಂದಿನ ಮಂದಿ ನನ್ನ ಹಾಡು ಚಂದ ಅಂದ್ರು, ಮರುದಿನ ಏಕತಾರಿ ಗೂಟಕ್ಕ ಕಚ್ತು. ದೊಡ್ಡ ದೊಡ್ಡವರು ಬಂದು ವಾರಸಾ ಹಕ್ಕು ಹೇಳಿದ್ರು, ಪಾಲು ಹೇಳಿದ್ರು, ಬಿಡಲಿಲ್ಲ. ಕಡೀಕೆ ನಮ್ಮವ್ವ ಅಂದ್ಲು, ದೊಡ್ಡಾವಗ ಅದು ಬೇಕಾಗಿಲ್ಲ, ಸಣ್ಣಾವಗ ಸಿಗಬಾರದು, ಅಷ್ಟ ಅಂತ. ಬಿಡ್ತು.” ಅವನು ಮೇಜಿನ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ. “ಈ ವಹೀಗಿ ತಕರಾರು ಮಾಡಿದಾವ್ರು ಯಾರರೇ ಇರ್ಲಿ, ಅವ್ರಿಗೆ ವಹಿ ಬೇಕಾಗಿಲ್ರಿ. ಬೇಕಾಗಿದ್ರ ಇಷ್ಟ ವಾರದಾಗ ಒಮ್ಮೆರೇ ಬಂದು ನಂದು ಕೊಡ್ರಿ ಅಂತಿದ್ರು. ನನಗ ಬೇಕು ಅನ್ನೂದು ತಕರಾರು. ಅವರಿಗೆ ಸಿಗಬಾರದು ಅನ್ನೂದು ತಕರಾರಲ್ರಿ. ತಕರಾರ ಇಲ್ಲಂದ ಮ್ಯಾಲೆ ವಹಿ ಯಾಕ ಕಚ್ಕೊಂಡಿರಬೇಕು?”

ಟಕ್.

ಹಂಡೆಯ ಪುಟ ತಾನಾಗಿ ಮಗುಚಿ ಬಿತ್ತು. ಹುಡುಗರು ಬೆಂಚು ಬಡಿದರು, ಯಾರೋ ಅಡಿವೆಪ್ಪನ ಬೆನ್ನಿಗೆ ಗುದ್ದಿದರು. ಅವನು ನನ್ನ ಕಡೆ ನೋಡಲಿಲ್ಲವಾದ್ದರಿಂದ ಉಳಿದವರೆಲ್ಲ ನೋಡಿದರು. ಪ್ರಾಚಾರ್ಯರು ಮಂದಾಕಿನಿಯ ಕಡೆ ತಲೆಯಾಡಿಸಿ ಹೋದರು. ಹೇಳುವುದೇನೂ ಉಳಿದಿರಲಿಲ್ಲ. ನನ್ನ ಶನಿವಾರ ಹೋಗಿತ್ತು. ಮೊದಲ ವರ್ಷದಿಂದಲೂ ಈ ಹುಡುಗನಿಗೆ ಪಾಠ ಹೇಳಿದವನು ನಾನು ಎಂದು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಅಷ್ಟು ದಿನದಲ್ಲಿ ಅವನಿಗೆ ಒಂದೇ ಒಂದು ಪ್ರಶ್ನೆ ಕೇಳಿಲ್ಲ ಎಂಬುದು ಅದರ ಬೆನ್ನಿಗೇ ನೆನಪಾಯಿತು.

ಹುಡುಗರು ಅಡಿವೆಪ್ಪನನ್ನು ಎಳೆದುಕೊಂಡು ಚಹಾದಂಗಡಿಗೆ ಹೋದರು. ನಾನು ಕೂತಲ್ಲೇ ಕೂತಿದ್ದೆ. ಮಂದಾಕಿನಿ ವಹಿಯ ಖಾಲಿ ಪುಟ ತೆಗೆದು, ಅಡ್ಡಗೆರೆ ಎಳೆದು, ನಿಂತುಕೊಂಡೇ ಬರೆದಳು. ವಸ್ತು, ಕೆಂಪು ವಹಿ. ಕಚ್ಚಿದ ಜಾಗ, ಮೂರನೇ ಕೋಣೆಯ ಮೇಜು. ಬಿಡಿಸಿದವರು, ಅಡಿವೆಪ್ಪ. ಬಿಡಿಸಿದವರ ಹೆಸರಿಗೆಂದು ನನ್ನ ವಹಿಯಲ್ಲಿ ಜಾಗವೇ ಇರಲಿಲ್ಲ, ಬಿಡಿಸುವವನು ನಾನೊಬ್ಬನೇ ಆಗಿದ್ದೆನಲ್ಲ. ಅದರ ಕೆಳಗೆ ತಕರಾರುದಾರರು ಎಂದು ಬರೆದು ಮುಂದಿನ ಜಾಗ ಬಿಟ್ಟಳು.

“ಈ ಒಂದ ಹೆಸರು ನನಗ ಗೊತ್ತಿಲ್ರಿ ಸರ,” ಅಂದಳು. “ಖಾಲಿ ಇದ್ರೂ ನಡೀತೈತಿ.”

ಪೆನ್ನನ್ನು ವಹಿಯ ಮೇಲೆಯೇ ಬಿಟ್ಟು ಹುಡುಗರ ಹಿಂದೆ ಹೋದಳು.

ಖಾಲಿ ಬಿಡಬಹುದಾಗಿತ್ತು. ಆಕೆ ಎಂದೂ ಕೇಳುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಮುಂದೆ ವರ್ಷ ವರ್ಷವೂ ಹುಡುಗರು ಈ ಪುಟ ತೆರೆದು ಓದುತ್ತಾರೆ, ತಕರಾರುದಾರ ಯಾರಿರಬಹುದೆಂದು ಕೇಳುತ್ತಾರೆ, ಆಕೆ ಗೊತ್ತಿಲ್ಲ ಅನ್ನುತ್ತಾಳೆ. ಆಕೆಯ ಆ ದೊಡ್ಡ ಮನಸ್ಸಿನ ಕೆಳಗೆ ನಾನು ನಿವೃತ್ತನಾಗುವವರೆಗೂ ಬದುಕಬೇಕು. ಪೆನ್ನು ತೆಗೆದುಕೊಂಡೆ. ಗುರುಪಾದ ಹೆಬಸೂರ ಎಂದು ಒತ್ತಿ ಬರೆದೆ. ಬರೆದು ಮುಗಿಸಿ, ಅದರ ಮೇಲಿನ ಸಾಲುಗಳನ್ನು ನೋಡಿದೆ. ಆಕೆಯ ಅಕ್ಷರ ನನ್ನ ಅಕ್ಷರಕ್ಕಿಂತ ಚೆನ್ನಾಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು.